ಎಡಗೈ ಕಲ್ಲು

ಬಾಳೆಲೆಯ ತೋಟದ ಏಳನೇ ಬ್ಲಾಕಿನಲ್ಲಿ
ಸತ್ತ ಹಾಲುವಾಣದ ಬುಡ ಕೀಳುವಾಗ
ಕುಳಿಯನ ಪಿಕಾಸಿ ಠಣ್ಣೆಂದಿತು.
ಕಲ್ಲು ಸಿಕ್ಕರೆ ಬೇಲಿಗೆ ಎಸೆಯುವುದು ವಾಡಿಕೆ.
ಎಸೆಯಲಿಲ್ಲ. ಲುಂಗಿಗೆ ಒರೆಸಿದ.
ಅಂಗೈಯಗಲದ ಕರಿಗಲ್ಲು,
ಒಂದು ತುದಿ ಗೊರಸಿನಷ್ಟು ದಪ್ಪ,
ಇನ್ನೊಂದು, ಯಾರೋ ಒಂದು ಮಳೆಗಾಲವಿಡೀ
ಕೂತು ಉಜ್ಜಿದ ಹಾಗೆ ತೆಳು.

‘ತೋಟದಲ್ಲಿ ಸಿಕ್ಕಿದ್ದು ತೋಟದ್ದು,
ಬರೆದುಕೊಳ್ಳಿ ರೈಟರೇ’ ಎಂದರು ಪೂಣಚ್ಚ.
ದಾಸ್ತಾನು ಪುಸ್ತಕ ತೆರೆದೆ.
ಕತ್ತಿ ಮೂವತ್ತೆರಡು. ಪಿಕಾಸಿ ಹದಿನಾಲ್ಕು.
ಸ್ಪ್ರೇಯರ್ ಎರಡು, ಒಂದು ಕೆಟ್ಟಿದೆ.
ಕಲ್ಲು ಒಂದು.
ಖರೀದಿಸಿದ ದಿನ? ಕೇಳುತ್ತದೆ ಪುಸ್ತಕ.
ತಯಾರಿಸಿದವರು?
ಖಾಲಿ ಬಿಟ್ಟೆ.

ನಮ್ಮ ಪುತ್ತೂರಿನ ಕಡೆ ಇಂಥದಕ್ಕೆ
ಸಿಡಿಲಿನ ಹಲ್ಲು ಅನ್ನುತ್ತಿದ್ದಳು ಅಜ್ಜಿ,
ಹಸುವಿನ ಕೆಚ್ಚಲು ಬಾತರೆ ತೇಯ್ದು ಹಚ್ಚುತ್ತಿದ್ದಳು.
ಹೇಳಿದೆ. ಕುಳಿಯ ನಕ್ಕ:
‘ಸಿಡಿಲಿಗೆ ಹೆಬ್ಬೆರಳು ಎಲ್ಲಿಂದ ಬಂತು?’
ದಪ್ಪ ತುದಿಯ ಮಗ್ಗುಲಲ್ಲಿ ಒಂದು ತಗ್ಗಿತ್ತು,
ನುಣುಪು, ಬೆರಳಿನಷ್ಟೇ ಅಗಲ.
ಹಿಡಿದು ನೋಡಿದೆ. ಜಾರಿತು.
ತಿರುಗಿಸಿ ಹಿಡಿದೆ, ಆಗಲೂ ಜಾರಿತು.
ಅವನು ಎಡಗೈಗೆ ತೆಗೆದುಕೊಂಡ.
ಸೊಂಟ ಸಿಕ್ಕ ಮಗುವಿನ ಹಾಗೆ
ಕೂತುಬಿಟ್ಟಿತು ಕಲ್ಲು.

ಕುಳಿಯ ಹುಟ್ಟಾ ಎಡಚ.
ಪೊನ್ನಂಪೇಟೆಯ ಕಮ್ಮಾರ ಬಡಿಯುವ ಕತ್ತಿಗೆಲ್ಲ
ಬಾಯಿಯ ಇಳಿಜಾರು ಒಂದೇ ಕಡೆಗೆ.
ಕಾಡು ಸವರುವಾಗ ಅದು ಹುಲ್ಲು ಬಿಟ್ಟು
ಅವನ ಮೊಣಕಾಲು ಹುಡುಕುತ್ತದೆ.
ಮೂರು ಗಾಯ ನಾನೇ ಕಟ್ಟಿದ್ದೇನೆ.
ಮೇಸ್ತ್ರಿಯ ಬೈಗುಳಕ್ಕೆ ನನ್ನಲ್ಲಿ ಲೆಕ್ಕವಿಲ್ಲ.
ಕಬ್ಬಿಣ ಬಂದು ಇಷ್ಟು ಕಾಲವಾಯಿತು,
ಒಂದಾದರೂ ಅವನ ಕೈಯನ್ನು ಕೇಳಿ ಹುಟ್ಟಲಿಲ್ಲ.

ಏನು ಕೊಂದಿರಬಹುದು ಇದು? ಕೇಳಿದೆ.
‘ಹಂದಿ ಕೊಂದಿರಬಹುದು. ಮನುಷ್ಯನನ್ನೂ.
ಇಲ್ಲ, ಬರೀ ಗೆಣಸು ಅಗೆದಿರಬಹುದು.
ಹಸಿದವನಿಗೆ ಅದಕ್ಕೊಂದು ಇದಕ್ಕೊಂದು ಕೈ ಇರುತ್ತದಾ?’

ಕೈಲ್‌ಪೊಳ್ದ್ ದಿನ ತೂಗುದೀಪದ ಕೆಳಗೆ
ಮೂರು ಕೋವಿ, ಒಡಿಕತ್ತಿ, ಪೀಚೆಕತ್ತಿ
ಗಂಧ ಬಳಿದುಕೊಂಡು, ತೋಕ್ ಪೂ ಮುಡಿದು
ಸಾಲಾಗಿ ಮಲಗಿದ್ದವು.
‘ಮಾವ, ಆ ಕಲ್ಲನ್ನೂ ಇಡಲಾ?’ ಕೇಳಿದಳು ದೇಚಮ್ಮ.
ಪೂಣಚ್ಚ ಯೋಚಿಸಿದರು, ಸುಳ್ಳು ಹೇಳಬಾರದು,
ನಿಜಕ್ಕೂ ತುಸು ಹೊತ್ತು ಯೋಚಿಸಿದರು.
‘ಇದು ತಾತನ ಕೋವಿ, ಇದು ಅವರಪ್ಪನ ಕತ್ತಿ.
ಅದು ಯಾರದ್ದು ಅಂತ ಹೂ ಇಡುವುದು?’
ಹೊರಗೆ ಅಂಗಳದಲ್ಲಿ ಕುಳಿಯ
ಎಡಗೈಯಲ್ಲೇ ಕಡಂಬುಟ್ಟು ಮುರಿದು ತಿನ್ನುತ್ತಿದ್ದ.
ಹಬ್ಬವಲ್ಲವೇ, ಯಾರೂ ಏನೂ ಅನ್ನಲಿಲ್ಲ.

ಕಲ್ಲು ನನ್ನ ಮೇಜಿಗೆ ಬಂತು.
ಫ್ಯಾನಿನ ಗಾಳಿಗೆ ಹಾಜರಿ ಹಾಳೆ
ಹಾರದಂತೆ ಒತ್ತಿ ಹಿಡಿಯುವ ಕೆಲಸ.

ಶನಿವಾರ ಬಟವಾಡೆ.
ಶಾಯಿ ಡಬ್ಬಿ, ಎಡಗೈ ಹೆಬ್ಬೆಟ್ಟು.
ಎಡಗೈಯನ್ನು ಕೇಳಿ ಪಡೆಯುವ ಜಾಗ
ಇಡೀ ತೋಟದಲ್ಲಿ ಇದೊಂದೇ.
ಕುಳಿಯ ಬೆರಳು ಅದ್ದಿದ,
ಹಾಳೆಯ ಕಡೆ ನೋಡಲೇ ಇಲ್ಲ,
ಕಲ್ಲಿನ ತಗ್ಗಿಗೆ ಇಟ್ಟು
ಒತ್ತಿದ.
ಸಾಲು ಹಿಂದೆ ಗೊಣಗುತ್ತಿತ್ತು.
ಆಮೇಲೆ ಉಳಿದ ಶಾಯಿಯಲ್ಲಿ
ಹಾಳೆಗೂ ಒಂದು ಮಸುಕು ಗುರುತು ಕೊಟ್ಟು
ದುಡ್ಡು ಎಣಿಸದೆ ಹೋದ.

ರಾತ್ರಿ ಆಫೀಸು ಮುಚ್ಚುವ ಮುಂಚೆ
ನನ್ನ ಎಡಗೈಯನ್ನೂ ಇಟ್ಟು ನೋಡಿದೆ.
ಕೂರಲಿಲ್ಲ.
ಸೀಮೆಎಣ್ಣೆಯಲ್ಲಿ ಚಿಂದಿ ಅದ್ದಿ
ಶಾಯಿ ಒರೆಸತೊಡಗಿದೆ,
ಅರ್ಧ ಹೋಯಿತು, ಇನ್ನೂ ತಿಕ್ಕಿದ್ದರೆ
ಪೂರ್ತಿ ಹೋಗುತ್ತಿತ್ತೋ ಏನೋ.
ಚಿಂದಿ ಕೆಳಗಿಟ್ಟೆ.