ಬಿದಿರು ತಿರುಗುವಷ್ಟು ಜಾಗ

ನಾನು ರಸೀದಿ ಬರೆಯುವವಳು.
ಮೈಸೂರಿನ ಮಂಡಳಿ ಕಚೇರಿ, ಎರಡನೇ ಕಿಟಕಿ,
ಫಲಾನುಭವಿ ವಂತಿಗೆ. ಮೂರು ಪ್ರತಿ, ಎರಡು ಕಾರ್ಬನ್.
ಒಂದು ಮನೆಗೆ ಏಳೂವರೆ ಲಕ್ಷ:
ದಿಲ್ಲಿಯದು ಇಷ್ಟು, ರಾಜ್ಯದ್ದು ಇಷ್ಟು,
ಪಾಲಿಕೆಯದು ಕಡತದಲ್ಲಿ ಮಗ್ಗುಲು ಬದಲಿಸುತ್ತಿದೆ,
ಉಳಿದದ್ದು ಮೇದರ ಕೇತಮ್ಮನ ಸೆರಗಿನ ಗಂಟಿನಲ್ಲಿ.

ಗಂಟು ಬಿಚ್ಚಿದರೆ ನೋಟಿಗೂ ಹಸಿ ಬಿದಿರಿನ ವಾಸನೆ.
ಹತ್ತರವೇ ಹೆಚ್ಚು. ಎಣಿಸಿದೆ,
ಹಿಂದೆ ನಿಂತವರು ಗೊಣಗಿದರು, ಮತ್ತೆ ಎಣಿಸಿದೆ.
ಮೊರಕ್ಕೆ ಎಂಬತ್ತು, ಮದುವೆ ತಿಂಗಳಲ್ಲಿ ನೂರು.
ಒಂದು ಗೋಡೆಗೆ ಎಷ್ಟು ಮೊರ?
ಒಂದು ಬಾಗಿಲಿಗೆ ಎಷ್ಟು ತೊಟ್ಟಿಲು?
ಭಾಗಿಸಬಾರದು ಅಂದುಕೊಂಡರೂ ಭಾಗಿಸುತ್ತೇನೆ,
ಕೆಲಸದ ಚಾಳಿ.

ಅವರ ಕೇರಿಗೆ ಬೆಟ್ಟ ಕಾಣುತ್ತಿತ್ತು,
ರಾತ್ರಿಯ ದೀಪದ ಸಾಲು ಸಮೇತ, ಪುಕ್ಕಟೆ.
ಈಗ ನಡುವೆ ಹನ್ನೊಂದು ಮಹಡಿ.
ಬೆಟ್ಟ ಕಾಣುವ ಬಾಲ್ಕನಿಗೆ ಚದರಡಿ ಲೆಕ್ಕ.
ಅದರಲ್ಲೊಂದು ಪಾಲು ಬಡವರ ಮನೆಗೆಂದು
ಕಟ್ಟುವವನು ಕಟ್ಟಬೇಕು. ಕಟ್ಟಿದ್ದಾನೆ,
ಚಲನ್ ನಾನೇ ನೋಡಿದ್ದೇನೆ.
ಅಂದರೆ ಬೆಟ್ಟ ಮರೆಮಾಡಿದ ಗೋಡೆಯೇ
ಕೇತಮ್ಮನ ಗೋಡೆಗೆ ಇಟ್ಟಿಗೆ ಕೊಡುತ್ತಿದೆ.
ಯಾರು ಯಾರಿಗೆ ಋಣಿ,
ನನ್ನ ಪುಸ್ತಕದಲ್ಲಿ ಅದಕ್ಕೆ ಕಲಮಿಲ್ಲ.

ಮೊದಲು ಹೇಳಿದ್ದು ಊರಾಚೆ, ಹದಿನಾಲ್ಕು ಕಿಲೋಮೀಟರು.
ಮನೆ ದೊಡ್ಡದು, ಗಾಳಿ ಒಳ್ಳೆಯದು,
ಬಸ್ಸು ದಿನಕ್ಕೆ ನಾಲ್ಕು, ಗಿರಾಕಿ ಸೊನ್ನೆ.
ಹೋಗಲಿಲ್ಲ. ಎರಡು ವರ್ಷ ಹೋಗಲಿಲ್ಲ.
ಕರೆಂಟು ಕಿತ್ತರು, ಆಗಲೂ ಹೋಗಲಿಲ್ಲ.
ಆಮೇಲೆ ಇದ್ದಲ್ಲೇ ಕಟ್ಟುವ ನಕ್ಷೆ ಬಂತು,
ನೆಲ ಮತ್ತು ಮೂರು ಮಹಡಿ.
ಇಂಜಿನಿಯರ್ ಶಶಿಶೇಖರ ಅದನ್ನು
ಹುಣಸೆಮರಕ್ಕೆ ಮೊಳೆ ಹೊಡೆದು ತೂಗುಹಾಕಿದರು.
ಎಲ್ಲರೂ ತಮ್ಮ ತಮ್ಮ ಬಚ್ಚಲು ಹುಡುಕುತ್ತಿದ್ದಾಗ
ಕೇತಮ್ಮ ಮೆಟ್ಟಿಲ ಮೇಲೆ ಬೆರಳಿಟ್ಟಳು:
"ಸಾ, ಈ ತಿರುವ್ನಲ್ಲಿ ಹದಿನೆಂಟಡಿ ಗಳ ತಿರುಗ್ತದಾ?"

ಅವರು ನಕ್ಕರು. ಆಮೇಲೆ ಅಳತೆಪಟ್ಟಿ ತೆಗೆದರು.
ಆಮೇಲೆ ನಗಲಿಲ್ಲ.

ಈಗ ನೆಲಮಹಡಿಯಲ್ಲಿ ಗೋಡೆಯಿಲ್ಲದ ಉದ್ದನೆ ಜಾಗ,
ಸೀಳಲು, ನೆನೆಹಾಕಲು, ಹೆಣೆಯಲು.
ಯಾವ ಶೀರ್ಷಿಕೆಯಡಿ ಖರ್ಚು ಎಂದು ಲೆಕ್ಕಶಾಖೆ ಕೇಳಿತು.
"ಪಾರ್ಕಿಂಗ್" ಎಂದು ಬರೆದು ಕಳಿಸಿದರು.

ಕೊನೆಯ ಕಂತಿನ ದಿನ ಹಕ್ಕುಪತ್ರದ ಷರತ್ತು ಓದಿದೆ:
ಹತ್ತು ವರ್ಷ ಮಾರುವಂತಿಲ್ಲ.
ಐದಕ್ಕೆ ಇಳಿಸಿ ಅನ್ನುತ್ತಾಳೆಂದು ಕಾದೆ,
ಎಲ್ಲರೂ ಅನ್ನುವುದು ಅದನ್ನೇ.
"ಹತ್ತೇ ಯಾಕವ್ವ? ಯಾವತ್ತೂ ಮಾರ್ಬಾರ್ದು ಅಂತ ಬರಿ.
ಕಷ್ಟ ಬಂದ್ರೆ ನಾನೇ ಮಾರ್ಬುಡ್ತೀನಿ.
ನನ್ನ ನಂಬ್ಬ್ಯಾಡ."

ಸಾಲಿನಲ್ಲಿ ಹಿಂದಿದ್ದ ಜಬೀನಾ ಸಿಡಿದಳು:
"ಆ ಹನ್ನೊಂದು ಮಹಡಿಯವರಿಗೆ ಇಂಥ ಬೇಲಿ ಇದೆಯಾ?
ಮಗಳ ಆಪರೇಷನ್ನಿಗೆ ನಾನು ಏನು ಮಾರಲಿ, ಮೊರವಾ?"
ಇಬ್ಬರೂ ನನ್ನ ಮುಖ ನೋಡಿದರು,
ನಾನೇ ಸರ್ಕಾರವೆಂಬಂತೆ.
ಊಟದ ವೇಳೆ ಎಂದು ಕಿಟಕಿ ಮುಚ್ಚಿದೆ.
ಹನ್ನೆರಡೂವರೆ ಆಗಿತ್ತು ಅಷ್ಟೆ.

ನನ್ನದು ನಜರಬಾದಿನಲ್ಲಿ ಬಾಡಿಗೆ ಮನೆ.
ಮಾಲೀಕರು ಒಳ್ಳೆಯವರು, ಕಾಫಿ ಕೊಟ್ಟೇ ಹೇಳಿದರು:
ದಸರೆಯೊಳಗೆ ಬಿಟ್ಟುಕೊಡಿ,
ಪ್ರವಾಸಿಗಳು ಒಂದು ರಾತ್ರಿಗೆ ಕೊಡುವುದನ್ನು
ನೀವು ಹತ್ತು ದಿನಕ್ಕೆ ಕೊಡುತ್ತಿದ್ದೀರಿ.
ಪಟ್ಟಿಗೆ ಸೇರಲು ನನ್ನ ಸಂಬಳ
ವರಮಾನದ ಮಿತಿಗಿಂತ ನಾನೂರು ರೂಪಾಯಿ ಹೆಚ್ಚು.
ಆ ಮಿತಿಯನ್ನು ಫಾರಂನಲ್ಲಿ ಟೈಪು ಮಾಡಿದವಳೂ ನಾನೇ.

ಮೊನ್ನೆಯಿಂದ ಮೆಟ್ಟಿಲಿಳಿಯುವಾಗ
ತಿರುವಿನಲ್ಲಿ ಸುಮ್ಮನೆ ನಿಲ್ಲುತ್ತೇನೆ,
ಹೆಗಲ ಮೇಲೆ ಉದ್ದನೆಯದೇನೋ ಇರುವಂತೆ,
ಗೋಡೆಗೆ ತಾಗೀತು ಎಂದು
ಮೊದಲು ಹಿಂದಿನ ತುದಿ ನೋಡಿಕೊಂಡು
ಮೆಲ್ಲಗೆ ತಿರುಗುತ್ತೇನೆ.