ಹೊಡೆದುಹಾಕಿದ ಉತ್ತರ

ಕುತೈಸಿಯಲ್ಲಿ ಆ ಚಳಿಗಾಲ ಕರೆಂಟು ಬಂದರೆ ಸುದ್ದಿ.
ಸೀಮೆಎಣ್ಣೆ ಸ್ಟೋವಿನ ಪಕ್ಕ ಕೈಗವಸು ಕಳಚದೆಯೇ
ಲೆಕ್ಕ ಬಿಡಿಸುತ್ತಿದ್ದ ಮಲ್ಖಾಜ್.
ನನ್ನ ಸಂಬಳ ತಿಂಗಳಿಗೊಂದು ಸೀಸೆ
ಹುಳಿ ಪ್ಲಮ್ಮಿನ ಗೊಜ್ಜು.

ಒಂದೇ ಉದ್ದದ ಎರಡು ಲೋಲಕ.
ಹಗುರದ್ದು ಒಂದು ಪಾಲು, ಭಾರದ್ದು ಮೂರು ಪಾಲು,
ಭಾರದ್ದು ಸುಮ್ಮನೆ ತೂಗಿಕೊಂಡಿದೆ.
ಹಗುರದ್ದನ್ನು ಎಳೆದು ಬಿಟ್ಟರೆ?
ಗಾಳಿಯ ತಡೆಯನ್ನು ಉಪೇಕ್ಷಿಸಿ.

ಸಂವೇಗಕ್ಕೊಂದು ಸಾಲು, ಶಕ್ತಿಗೊಂದು ಸಾಲು,
ಕೊನೆಗೆ ವರ್ಗಸಮೀಕರಣ. ಉತ್ತರ ಎರಡು ಬಂದವು.
ಒಂದರಲ್ಲಿ ಅರ್ಧ ವೇಗದಿಂದ ಇದು ಹಿಂದಕ್ಕೆ, ಅದು ಮುಂದಕ್ಕೆ.
ಇನ್ನೊಂದರಲ್ಲಿ ಹಗುರದ್ದು ಬಂದ ವೇಗದಲ್ಲೇ ಹೋಗಿದೆ,
ಭಾರದ್ದು ಇದ್ದಲ್ಲೇ ಇದೆ.

ಅದನ್ನು ಹೊಡೆದುಹಾಕು, ಎಂದೆ.
ಇಪ್ಪತ್ತೆರಡು ವರ್ಷದ ಮಾತು, ಬಾಯಿಗೆ ತಾನಾಗಿ ಬರುತ್ತದೆ.
"ಯಾಕೆ, ಎತೇರಿ ಟೀಚರ್? ಲೆಕ್ಕ ತಾಳೆಯಾಯಿತಲ್ಲ."
ಅದು ಢಿಕ್ಕಿಯೇ ಆಗದಿದ್ದಾಗಿನ ಉತ್ತರ ಕಣೋ.
ಏನೂ ಕಳೆದಿಲ್ಲ ಎಂಬುದಷ್ಟೇ ಸಮೀಕರಣಕ್ಕೆ ಗೊತ್ತು.
ಮುಟ್ಟಿದವೋ ಇಲ್ಲವೋ, ಅದಕ್ಕೇನು ಗೊತ್ತು?

ಅವನು ಪೆನ್ಸಿಲೆತ್ತಲಿಲ್ಲ.
ಕುರ್ಚಿಯನ್ನು ಮೇಜಿನ ಮೇಲೆ ತಲೆಕೆಳಗಾಗಿಟ್ಟು,
ಮುಚ್ಚಿಹೋದ ಲಾರಿ ಕಾರ್ಖಾನೆಯಿಂದ ಅವನಪ್ಪ ತಂದಿದ್ದ
ಎರಡು ಬೇರಿಂಗ್ ಗುಂಡುಗಳನ್ನು ಮೇಣ ಮೆತ್ತಿ ಇಳಿಬಿಟ್ಟ.

ಟಕ್.
ಎರಡೂ ಸರಿದವು, ಆಚೆಗೊಂದು ಈಚೆಗೊಂದು,
ಮೊದಲಿನ ಎತ್ತರದ ಕಾಲು ಭಾಗ ಏರಿ
ಒಟ್ಟಿಗೇ ಮರಳಿದವು. ಟಕ್.
ಭಾರದ್ದು ನಿಂತುಬಿಟ್ಟಿತು.
ಹಗುರದ್ದು ಅವನ ಬೆರಳಿನವರೆಗೂ ವಾಪಸು ಬಂತು.

"ಈಗ ಒಳಗೆ ಬಂದವರು ನೋಡಿದರೆ
ಮುಟ್ಟಿದ್ದೇ ಗೊತ್ತಾಗಲ್ಲ. ಒಂದರೊಳಗೊಂದು ಹಾಯ್ದು
ಮರಳಿದ್ದರೂ ಇದೇ ಜಾಗ, ಇಷ್ಟೇ ಹೊತ್ತು."

ಹಾಳೆ ತಿರುಗಿಸಿ ಲೆಕ್ಕ ಹಾಕಿದೆ. ಹೌದು.
ಇಪ್ಪತ್ತೆರಡು ವರ್ಷ ನಾನಿದನ್ನು ನೋಡಿರಲಿಲ್ಲ.

ಬೂಟಿನ ದಾರ ಕಟ್ಟುತ್ತ ಹೇಳಿದ:
ಸೋಮವಾರ ಅಮ್ಮನ ಜೊತೆ ಥೆಸಲೊನೀಕಿಗೆ, ಬಸ್ಸಿನಲ್ಲಿ.
ಅಲ್ಲಿ ಯಾರದೋ ಮುದುಕಿಯನ್ನು ನೋಡಿಕೊಳ್ಳುವ ಕೆಲಸವಂತೆ.
ಸೀಸೆಯನ್ನು ಹೊಸ್ತಿಲ ಮೇಲಿಟ್ಟು ಹೋದ.
ತಿಂಗಳು ತುಂಬಲು ಇನ್ನೂ ಹತ್ತು ದಿನವಿತ್ತು.

ಮೇಜಿನ ಮೇಲೆ ಅವನ ಹಾಳೆ.
ಎರಡನೆಯ ಉತ್ತರ ಹಾಗೇ ಇತ್ತು, ಸುತ್ತ ಒಂದು ಗೆರೆ.

ಸ್ಟೋವ್ ಆರಿಸಿ, ಕತ್ತಲಲ್ಲಿ ತಡಕಿ
ಹಗುರದ್ದನ್ನು ಎಳೆದು ಬಿಟ್ಟೆ.
ಕಂಡದ್ದೇನೂ ಇಲ್ಲ.
ಹತ್ತೊಂಬತ್ತರವರೆಗೆ ಎಣಿಸಿದೆ.