ಏಳರ ಮಗ್ಗಿ

ಇಪ್ಪತ್ತಾರು ವರ್ಷ ನಾನು ಹೇಳಿದ್ದು ಒಂದೇ ಮಾತು:
ಕೂತುಕೊಳ್ಳಿ.
ಕೈ ಕಟ್ಟಿ, ಬೆರಳು ತುಟಿಯ ಮೇಲೆ, ಕೂತುಕೊಳ್ಳಿ.
ಪದ್ಯ ಮರೆತಿರಬಹುದು ಮಕ್ಕಳು, ಭಾಗಾಕಾರ ಮರೆತಿರಬಹುದು,
ಇದೊಂದನ್ನು ಮಾತ್ರ ಚೆನ್ನಾಗಿ ಕಲಿತರು.

ಆಂಟಾಪ್ ಹಿಲ್‌ನ ಪಾಲಿಕೆ ಶಾಲೆ.
ನೆಲಮಾಳಿಗೆಗೆ ಮರಾಠಿ, ನಡುವೆ ಉರ್ದು,
ತುದಿಯಲ್ಲಿ, ನೀರಿನ ಟಾಕಿಯ ಅಡಿಗೆ, ನಮ್ಮ ಕನ್ನಡ:
ಮೂರು ನಾಲ್ಕನೇ ಇಯತ್ತೆ ಸೇರಿ ಹತ್ತೊಂಬತ್ತು ತಲೆ.
ಅಂಗಳವಿತ್ತು ಮೊದಲು. ಈಗ ಅಲ್ಲಿ ಪಂಪ್‌ಹೌಸು,
ಮುರಿದ ಬೆಂಚುಗಳ ಗುಡ್ಡೆ,
ಮುಖ್ಯಾಧ್ಯಾಪಕರ ಸ್ಕೂಟರು.

ಜುಲೈಯಲ್ಲಿ ಬಂದಳು ನರ್ಸ್ ಮೃಣಾಲ್ ತಾಂಡೇಲ್,
ತೂಕದ ಯಂತ್ರ, ಟೇಪು, ಒಂದು ಕಟ್ಟು ಫಾರ್ಮು.
ಎತ್ತರ, ತೂಕ, ಸೊಂಟದ ಸುತ್ತಳತೆ ಮುಗಿದ ಮೇಲೆ
ಹೊಸದೊಂದು ಕಾಲಮ್ಮು: ದಿನಕ್ಕೆ ಕೂರುವ ಗಂಟೆ.
ಅವಳು ಮರಾಠಿಯಲ್ಲಿ ಕೇಳಬೇಕು, ನಾನು ಕನ್ನಡದಲ್ಲಿ.
"ಸಾಬವ್ವ, ಮನೆಯಾಗ ಎಷ್ಟೊತ್ತು ಕುಂತಿರ್ತಿ?"
"ಅವ್ವ ಬಂದು ಕೀಲಿ ತೆಗಿಯೋತನಕ್ರಿ."

ತಾಂಡೇಲಳ ಪೆನ್ನು ನಿಂತಿತು.
ಕೀಲಿಗೆ ಕಾಲಮ್ಮು ಇರಲಿಲ್ಲ.

ಹತ್ತಕ್ಕೆ ಹತ್ತರ ಖೋಲಿ, ಅದರಲ್ಲೊಂದು ಮಂಚ,
ಮಂಚದ ಮೇಲೆ ತಮ್ಮ, ತಮ್ಮನ ಕೈಯಲ್ಲಿ ಮೊಬೈಲು.
ಅವ್ವ ವಡಾಲಾದಲ್ಲಿ ನಾಲ್ಕು ಮನೆಯ ಮುಸುರೆ ತಿಕ್ಕಬೇಕು.
ಹೊರಗೆ ಬಿಟ್ಟರೆ ಟ್ಯಾಂಕರು, ಗಟಾರ, ಕುಡುಕರು.
ಯಾರನ್ನು ಬೈಯಲಿ?
"ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು"
ಎಂದು ತರಗತಿಯ ಗೋಡೆಗೆ ಬರೆಸಿದ್ದವಳು ನಾನೇ.
ಕುಡಿಕೆಯಿಲ್ಲ, ಹೊನ್ನಿಲ್ಲ,
ಇವರಿಗೆ ದಕ್ಕಿದ್ದು ಕೂರುವುದಷ್ಟೇ.

ಇಪ್ಪತ್ತು ನಿಮಿಷಕ್ಕೊಮ್ಮೆ ಎಬ್ಬಿಸಬೇಕಂತೆ, ಸುತ್ತೋಲೆ.
ಏಳಿ ಎಂದೆ.
ಎದ್ದರು. ಕೈ ಕಟ್ಟಿದರು. ಬೆರಳು ತುಟಿಗೆ ಹೋಯಿತು.
ಕೂತ ಹಾಗೆಯೇ ನಿಂತರು.
ನನಗೇ ನಾಚಿಕೆಯಾಗಿ ಮತ್ತೆ ಕೂರಿಸಿದೆ.

ಆಮೇಲಿನ ಬುಧವಾರ, ಗಣಿತ. ಹಲಗೆಯ ಕಡೆ ಮುಖ ಮಾಡಿ
"ಏಳೊಂದಲ ಏಳು" ಅಂದೆ.
ಹಿಂದೆ ಬೆಂಚು ಕಿರುಗುಟ್ಟಿತು.
ಮಾಳಿಂಗ, ಉಚ್ಚೆ ಬಂದರೂ ಕೇಳದೆ ಬಿಗಿದು ಕೂರುವ ಹುಡುಗ,
ದಡಕ್ಕನೆ ಎದ್ದು ನಿಂತಿದ್ದ.
"ಯಾಕೋ?"
"ನೀವಽ ಏಳು ಅಂದ್ರಲ್ರಿ."

ಹತ್ತೊಂಬತ್ತು ನಗು. ನನ್ನದು ಸೇರಿ ಇಪ್ಪತ್ತು.
ಇಷ್ಟು ವರ್ಷ ಬಾಯಲ್ಲೇ ಇತ್ತು ಆ ಶಬ್ದ,
ನನ್ನ ಕಿವಿಗೇ ಬಿದ್ದಿರಲಿಲ್ಲ.

ಅಂದಿನಿಂದ ಏಳಕ್ಕೆ ಏಳುವುದು,
ಹದಿನಾಲ್ಕಕ್ಕೆ ಜಿಗಿತ,
ಇಪ್ಪತ್ತೊಂದಕ್ಕೆ ಕುಂಟೆಬಿಲ್ಲೆಯ ಒಂಟಿಗಾಲು,
ಇಪ್ಪತ್ತೆಂಟಕ್ಕೆ ಬೆಂಚು ಸುತ್ತಿ ಬರುವುದು,
ಐವತ್ತಾರರಲ್ಲಿ ಯಾರದೋ ಚಡ್ಡಿಯ ಗುಂಡಿ ಹಾರುವುದು,
ಅರವತ್ತಮೂರಕ್ಕೆ ಏದುಸಿರು.
ಎಪ್ಪತ್ತು ಯಾರಿಗೂ ಸರಿಯಾಗಿ ಕೇಳಿಸಿದ್ದಿಲ್ಲ.

ಕೆಳಗಿನಿಂದ ರುಖೈಯಾ ಟೀಚರ್ ಏರಿ ಬಂದರು,
ದುಪಟ್ಟದ ಮೇಲೆ ನಮ್ಮ ನೆಲದ, ಅವರ ಸೂರಿನ ಸುಣ್ಣ.
ಜಗಳಕ್ಕೆಂದೇ ಬಂದವರು ಬಾಗಿಲಲ್ಲಿ ನಿಂತು
ನಲವತ್ತೆರಡರವರೆಗೆ ನೋಡಿದರು. ಅರ್ಥ ಕೇಳಿದರು, ಹೇಳಿದೆ.
"ನಮ್ಮ ಸಾತ್‌ಗೆ ಈ ಯೋಗವಿಲ್ಲ ನೋಡಿ," ಎಂದು
ಸುಣ್ಣ ಕೊಡವಿಕೊಂಡು ಇಳಿದು ಹೋದರು.

ನನ್ನ ಮಂಡಿ ಎರಡೂ ಸವೆದಿವೆ. ಹದಿನಾಲ್ಕಕ್ಕೆ ನಾನು
ಹಿಮ್ಮಡಿಯನ್ನಷ್ಟೇ ಎತ್ತುತ್ತೇನೆ. ಮಕ್ಕಳು ನೋಡಿಯೂ ಬಿಟ್ಟುಬಿಡುತ್ತಾರೆ.

ಆಗಸ್ಟಿನಲ್ಲಿ ಎರಡು ದಿನ ಮಳೆಯ ರಜೆ. ಮೂರನೆಯ ದಿನ
ಸಾಬವ್ವ ನನ್ನ ಮೇಜಿನ ಹತ್ತಿರ ಬಂದು ನಿಂತಳು, ತಾನಾಗಿ.
"ಕೀಲಿ ಹಾಕಿದ ಮ್ಯಾಲ ನಾನೂ ತಮ್ಮನೂ
ಏಳರ ಮಗ್ಗಿ ಅಂದೀವ್ರಿ, ಮಂಚದ ಮ್ಯಾಲ.
ಮಂಚದ ಕಾಲು ಮುರೀತ್ರಿ."
ಅವ್ವ ಎರಡು ಬಡಿದಳಂತೆ.
ಆಮೇಲೆ ಇಟ್ಟಿಗೆ ತಂದು ಒತ್ತು ಕೊಟ್ಟಳಂತೆ.
"ಈಗ ಮೊದಲಿಗಿಂತ ಗಟ್ಟಿ ಐತ್ರಿ."

ಆ ತಿಂಗಳ ಫಾರ್ಮು. ಕೂರುವ ಗಂಟೆ: ಐದೋ, ಆರೋ,
ಅಂದಾಜಿಗೆ ಬರೆದೆ.
ಷರಾ ಎಂಬಲ್ಲಿ ತುಸು ಯೋಚಿಸಿ,
ಚೊಕ್ಕ ಅಕ್ಷರದಲ್ಲಿ:
ಮಂಚದ ಕಾಲು, ಒಂದು.